ಗೀಜಗನ ಮೊದಲ ಗಂಟು

ಬಾವಿಯ ಮೇಲೆ ಬಾಗಿದ್ದ ಈಚಲ ಮರದಲ್ಲಿ ಎಳೆಯ ಗೀಜಗವೊಂದು ತನ್ನ ಮೊದಲ ಗೂಡಿಗೆ ಕೈಹಾಕಿತು. ಒಂದೇ ದಿನದಲ್ಲಿ ಮುಗಿಸಿಬಿಡುವ ಆತುರ ಅದಕ್ಕೆ. ಸಂಜೆಯ ಹೊತ್ತಿಗೆ ಅರ್ಧ ಗೂಡು ನೇತಾಡುತ್ತಿತ್ತು. ಅದೇ ಮರದ ಮುದಿ ಗೀಜಗ ಬಂದು, ಗೂಡನ್ನು ಈಚಲ ಗರಿಗೆ ಬಿಗಿದಿದ್ದ ಗಂಟನ್ನು ಕೊಕ್ಕಿನಿಂದ ಒಮ್ಮೆ ಎಳೆಯಿತು. ಗೂಡು ಬಾವಿಗೆ ಬಿತ್ತು.

“ಅಜ್ಜ, ನಿನಗೆ ನಾನೇನು ಅನ್ಯಾಯ ಮಾಡಿದ್ದೆ?” ಎಂದು ಎಳೆಯದು ಚೀರಿತು.

“ಒಳಗಿನ್ನೂ ಮೊಟ್ಟೆ ಇಲ್ಲವಲ್ಲ ಮಗು, ಅದಕ್ಕೇ ಈಗ ಎಳೆದೆ. ನಾಳೆ ಗೋಡೆ ನೇಯಬೇಡ, ಗಂಟೊಂದನ್ನೇ ಹಾಕು.”

ಎಳೆಯದು ಸಿಟ್ಟಿನಲ್ಲೇ ಮರುದಿನವೆಲ್ಲ ಗಂಟು ಹಾಕಿತು, ಬಿಚ್ಚಿತು, ಮತ್ತೆ ಹಾಕಿತು. ನಾಲ್ಕನೆಯ ದಿನ ಗಂಟು ನಿಂತಿತು. ಆಮೇಲೆ ದಿನಕ್ಕಿಷ್ಟೆಂದು ನೇಯುತ್ತ ಗೂಡು ಮುಗಿಸಿತು. ಹೆಣ್ಣು ಹಕ್ಕಿ ಬಂದು, ನೋಡಿ, ಒಪ್ಪಿ, ಮೂರು ಮೊಟ್ಟೆ ಇಟ್ಟಿತು.

ಅದೇ ವಾರ ಬಿರುಗಾಳಿ ಎದ್ದಿತು. ಈಚಲ ಗರಿಗಳು ನೀರು ಮುಟ್ಟುವಷ್ಟು ಬಾಗಿದವು. ಗಾಳಿ ನಿಂತಾಗ ಗೂಡು ಇದ್ದಲ್ಲೇ ಇತ್ತು. ಒಳಗೆ ಮೂರೂ ಮೊಟ್ಟೆ ಬೆಚ್ಚಗಿದ್ದವು.

ಎಳೆಯ ಗೀಜಗ ನೇರ ಅಜ್ಜನ ಬಳಿಗೆ ಹಾರಿ ತಲೆಬಾಗಿತು. “ಅಜ್ಜ, ಅವತ್ತು ನಿನ್ನನ್ನು ಶತ್ರು ಅಂದುಕೊಂಡಿದ್ದೆ. ನನ್ನ ಮಕ್ಕಳು ಉಳಿದದ್ದು ನಿನ್ನಿಂದ.”

“ನನಗೆ ಕಲಿಸಿದವನನ್ನು ನಾನೂ ಹಾಗೇ ಅಂದುಕೊಂಡಿದ್ದೆ,” ಎಂದಿತು ಮುದಿ ಗೀಜಗ. “ನನಗೆ ಅರ್ಥವಾಗುವಷ್ಟರಲ್ಲಿ ಅವನು ಇರಲಿಲ್ಲ. ನೀನು ಹೊತ್ತಿಗೆ ಸರಿಯಾಗಿ ಬಂದೆ.”