ನೇಕಾರನೂ ಗರಗಸದ ಎಂಜಿನ್ನೂ

"ಬುದ್ಧಿ, ಮಾಡಿದ ಕೆಲಸ ಚೆನ್ನಾಗಿ ಬಂದಾಗ ಎದೆ ಉಬ್ಬುತ್ತದೆ. ಅದನ್ನು ಅದುಮಬೇಕೋ, ಹಾಗೇ ಬಿಡಬೇಕೋ?" ಎಂದು ಮೃತ್ಯುಂಜಯ ಕೇಳಿದ.

ಅವನು ಮಠದ ಬಾವಿಗೆ ಹೊಸ ರಾಟೆ ಕೂರಿಸಿ ಮೂರು ದಿನವಾಗಿತ್ತು. ರಾಟೆ ಕಿರುಗುಟ್ಟದೆ ತಿರುಗುತ್ತಿತ್ತು. ನೀರು ಸೇದಲು ಬಂದವರೆಲ್ಲ ಹೊಗಳಿದ್ದರು. ಆ ಮೂರು ದಿನವೂ ಮೃತ್ಯುಂಜಯ ಬೇಡದ ನೀರಿಗೂ ಕೊಡ ಹಿಡಿದು ಬಾವಿಯ ಕಡೆ ಹೋಗಿ ನಿಂತಿದ್ದ. ಅದಕ್ಕೆ ಅವನಿಗೇ ನಾಚಿಕೆಯಾಗಿತ್ತು.

ಗುರುಗಳು ಜಪಸರ ಕೆಳಗಿಟ್ಟು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ನೇಕಾರನಿದ್ದ. ಅವನಿಗೆ ಹೊಲವಿಲ್ಲ, ತೋಟವಿಲ್ಲ. ಹಿತ್ತಲಲ್ಲಿ ತುಳಸಿಗಿಂತ ಎತ್ತರದ ಗಿಡವಿಲ್ಲ. ಅಂಥವನು ಒಂದು ದಿನ ಗುಜರಿ ಅಂಗಡಿಯಿಂದ ಮರ ಕೊಯ್ಯುವ ಗರಗಸದ ಯಂತ್ರವನ್ನು ಹೊತ್ತು ತಂದ. ಅದು ಅವನಪ್ಪನ ಕಾಲದ್ದು. ಅಲಗಿಲ್ಲ, ಸರಪಳಿಯಿಲ್ಲ. ಉಳಿದದ್ದು ಎಂಜಿನ್ನು ಒಂದೇ. ಅದೂ ತುಕ್ಕು ಹಿಡಿದು ಕಲ್ಲಾಗಿತ್ತು.

ಅವನ ಹೆಂಡತಿಯ ತಮ್ಮ ಪಕ್ಕದ ಮನೆಯವನು, ಬಾಯಿ ಸುಮ್ಮನಿರದವನು. "ಏನು ಭಾವ, ಇದರಿಂದ ತುಳಸಿ ಕೊಯ್ಯುತ್ತೀಯೋ?" ಎಂದ.

"ಏನೂ ಕೊಯ್ಯುವುದಿಲ್ಲ. ನಿಂತದ್ದನ್ನು ಓಡಿಸಬೇಕು ಅನ್ನಿಸಿತು, ಅಷ್ಟೇ" ಎಂದ ನೇಕಾರ.

ಆ ಕೇರಿಯಲ್ಲಿ ಅಮಾವಾಸ್ಯೆಗೆ ಮಗ್ಗ ನಿಲ್ಲುತ್ತದೆ. ತಿಂಗಳಿಗೆ ಅದೊಂದೇ ಬಿಡುವು. ಆ ದಿನ ನೇಕಾರ ಮಿಂದು, ಮಗ್ಗಕ್ಕೆ ಪೂಜೆ ಮಾಡಿ, ಎಂಜಿನ್ನಿನ ಮುಂದೆ ಕೂರುತ್ತಿದ್ದ. ಮೊದಲನೆಯ ಅಮಾವಾಸ್ಯೆಗೆ ಸೀಮೆಎಣ್ಣೆ ಹೊಯ್ದ. ಎರಡನೆಯದಕ್ಕೂ ಅದನ್ನೇ ಹೊಯ್ದ. ಮೂರನೆಯದಕ್ಕೆ ಒಳಗಿನ ಪಿಸ್ಟನ್ನು ಬೆರಳಗಲ ಜರುಗಿತು. ಕಬ್ಬಿಣ ತಾಗಿಸಿದರೆ ಗೀರು ಬೀಳುತ್ತದೆಂದು ಮಸಿಯನ್ನು ಬಿದಿರಿನ ಚಕ್ಕೆಯಿಂದ ಕೆರೆದ. ಪೆಟ್ರೋಲು ಬರುವ ತೂತು ಸಾಸಿವೆಗಿಂತ ಸಣ್ಣದು. ಅದರೊಳಗೆ ರೇಷ್ಮೆಯ ಎಳೆ ತೂರಿಸಿ ಕೊಳೆ ತೆಗೆದ. ಎಂಜಿನ್ನನ್ನು ಎಳೆದು ಚಾಲೂ ಮಾಡುವ ಹಗ್ಗ ಲಡ್ಡಾಗಿತ್ತು; ಮನೆಯ ನೂಲನ್ನೇ ಹುರಿಮಾಡಿ ಹೊಸದು ಹೊಸೆದ. ಹೊಸೆದ ಹಗ್ಗವನ್ನು ಎರಡು ದಿನ ಹೆಗಲ ಮೇಲೆ ಹಾಕಿಕೊಂಡು ಕೇರಿಯಲ್ಲಿ ತಿರುಗಿದ.

ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕಳಿಸುವ ಭಾಗಕ್ಕೆ ಕಾರ್ಬೊರೇಟರ್ ಎನ್ನುತ್ತಾರೆ. ಅದು ಎಂಜಿನ್ನಿಗೆ ಕೂಡುವ ಸಂದಿನಲ್ಲಿ ಹೊರಗಿನ ಗಾಳಿ ನುಗ್ಗದ ಹಾಗೆ ರಟ್ಟಿನ ಒಂದು ಪ್ಯಾಕಿಂಗ್ ಇರುತ್ತದೆ. ಈ ಎಂಜಿನ್ನಿನಲ್ಲಿ ಅದನ್ನು ಯಾರೋ ಕೈಯಿಂದ ಕತ್ತರಿಸಿ ಹಾಕಿದ್ದರು. ಸೊಟ್ಟಗಿತ್ತು. ಒಂದು ಅಂಚಿಗೆ ಮೇಲೊಂದು ತುಂಡು ಅಂಟಿಸಿ ದಪ್ಪ ಮಾಡಿದ್ದರು. ನೇಕಾರ ಅದನ್ನು ಹೆಂಡತಿಗೆ ತೋರಿಸಿ ನಕ್ಕ.

"ನೋಡೇ, ಯಾವನೋ ಅಡ್ಡಕಸುಬಿ. ಸೆರಗು ನೇಯಲು ಕೊಟ್ಟಿದ್ದರೆ ಗೋಣಿತಾಟು ನೇಯುತ್ತಿದ್ದ."

ನಕ್ಕು, ಬಚ್ಚಲ ಒಲೆಗೆ ಎಸೆದ. ಹೊಸ ರಟ್ಟು ತಂದು, ಎಳೆ ಹಿಡಿದು ಅಳೆದು, ನೆಟ್ಟಗೆ ಇನ್ನೊಂದನ್ನು ಕತ್ತರಿಸಿ ಹಾಕಿದ.

ಹೀಗೆ ವರ್ಷ ತುಂಬುತ್ತ ಬಂತು. ದೀಪಾವಳಿಯ ಅಮಾವಾಸ್ಯೆಗೆ, ಲಕ್ಷ್ಮೀಪೂಜೆಯಾದ ಮೇಲೆ ಎಂಜಿನ್ನು ಓಡಿಸುತ್ತೇನೆ, ಎಲ್ಲರೂ ಬನ್ನಿ ಎಂದು ಕೇರಿಗೆಲ್ಲ ಹೇಳಿಬಿಟ್ಟ. ಅದಕ್ಕೆ ಒಂದು ತಿಂಗಳು ಮೊದಲಿನ ಅಮಾವಾಸ್ಯೆಗೆ, ಒಮ್ಮೆ ನೋಡೋಣವೆಂದು ಹಗ್ಗ ಎಳೆದ. ಎಂಜಿನ್ನು ಹತ್ತಿಕೊಂಡಿತು, ಕಿರುಚಿತು, ಉಸಿರು ಕಟ್ಟಿದ ಹಾಗೆ ನಿಂತಿತು. ಹತ್ತು ಸಲ ಎಳೆದ. ಹತ್ತು ಸಲವೂ ಹಾಗೆಯೇ ಆಯಿತು.

ಗೋಡೆಯಾಚೆಯಿಂದ ಹೆಂಡತಿಯ ತಮ್ಮ ಕೂಗಿದ: "ಭಾವ, ಹಬ್ಬಕ್ಕೆ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ ಸುಮ್ಮನೆ ಕೂರಿಸಿಬಿಡು. ಓಡುವ ದೇವರನ್ನು ಯಾರು ಕಂಡಿದ್ದಾರೆ!"

ಕೇರಿ ನಕ್ಕಿತು. ಇನ್ನು ಉಳಿದ ಬಿಡುವು ಹಬ್ಬದ ದಿನ ಒಂದೇ. ಸೋತರೆ ಎಲ್ಲರ ಕಣ್ಣೆದುರಿಗೇ ಸೋಲಬೇಕು. ಆದರೂ ನೇಕಾರ ಆ ತಿಂಗಳೆಲ್ಲ ಮಗ್ಗ ಬಿಟ್ಟು ಏಳಲಿಲ್ಲ. ಅವನ ಮನೆತನದಲ್ಲಿ ಹಾಗೆ ಎದ್ದವರಿಲ್ಲ.

ಹಬ್ಬದ ಬೆಳಿಗ್ಗೆ ಹೆಂಡತಿಯನ್ನು ಕರೆದ. "ಹೂರಣ ಒಲೆಯ ಮೇಲಿದೆ, ಈಗ ನಾನು ಹಗ್ಗ ಎಳೆಯಬೇಕೇನ್ರೀ?" ಎನ್ನುತ್ತಲೇ ಅವಳು ಎಳೆದಳು. ಎಂಜಿನ್ನು ಕಿರುಚಿದ ಆ ಒಂದು ಗಳಿಗೆ, ಗಾಳಿ ಎಲ್ಲಿ ನುಗ್ಗುತ್ತದೆಂದು ನೋಡಲು ನೇಕಾರ ರೇಷ್ಮೆಯ ಒಂದು ಎಳೆಯನ್ನು ಸಂದುಗಳ ಮೇಲೆ ಆಡಿಸಿದ. ನಿಂತಿತು. ಮತ್ತೆ ಎಳೆದಳು. ಮತ್ತೆ ಆಡಿಸಿದ. ಮೂರನೆಯ ಸಲಕ್ಕೆ ಎಳೆ ಒಂದು ಕಡೆ ಬಾಗಿ, ಗಾಳಿಯ ಸೆಳೆತಕ್ಕೆ ಒಳಗೆ ಸರಿಯಿತು. ಅವನು ನೆಟ್ಟಗೆ ಕತ್ತರಿಸಿ ಹಾಕಿದ್ದ ಪ್ಯಾಕಿಂಗಿನ ಅಂಚಿನಲ್ಲಿ.

ಬಿಚ್ಚಿ, ಲೋಹದ ಮೇಲೆ ಬೆರಳಾಡಿಸಿದ. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಕ್ಕಿತು. ಅಲ್ಲಿ ಲೋಹ ಸವೆದು ಒಂದಿಷ್ಟು ತಗ್ಗು ಬಿದ್ದಿತ್ತು. ಹಳೆಯ ಪ್ಯಾಕಿಂಗಿನ ದಪ್ಪ ಅಂಚು ಕೂರುತ್ತಿದ್ದದ್ದು ಸರಿಯಾಗಿ ಅಲ್ಲಿಯೇ.

ಹಳೆಯದು ಬೂದಿಯಾಗಿ ಎಷ್ಟೋ ತಿಂಗಳಾಗಿತ್ತು. ಯಾವುದನ್ನು ನೋಡಿ ನಕ್ಕಿದ್ದನೋ ಅದನ್ನೇ ನೆನೆದು ನೆನೆದು ಕತ್ತರಿಸಲು ಕೂತ. ನೆಟ್ಟಗೆ ಕತ್ತರಿಸಿ ಪಳಗಿದ ಕೈ ಸೊಟ್ಟಕ್ಕೆ ಒಗ್ಗಲಿಲ್ಲ. ಮೂರು ಕೆಟ್ಟವು. ನಾಲ್ಕನೆಯದು ಕೂತಿತು.

ಸಂಜೆ ಪೂಜೆಯಾಯಿತು. ಕೇರಿಯೆಲ್ಲ ಅಂಗಳದಲ್ಲಿ ಸೇರಿತು. ನೇಕಾರ ತಾನು ಹೊಸೆದ ಹಗ್ಗ ಹಿಡಿದು ಎಳೆದ. ಎರಡನೆಯ ಎಳೆತಕ್ಕೆ ಎಂಜಿನ್ನು ಗುಡುಗಿತು. ಕಿರುಚಲಿಲ್ಲ, ನಿಲ್ಲಲಿಲ್ಲ, ಹದಕ್ಕೆ ಬಂದು, ನುರಿತ ಮಗ್ಗದ ಹಾಗೆ ಒಂದೇ ಲಯದಲ್ಲಿ ಓಡಿತು. ಹಿರಿಯರು ತಲೆದೂಗಿದರು. ಹೆಂಡತಿ ಬಾಗಿಲಲ್ಲಿ ನಿಂತು, ಹಗ್ಗ ಎಳೆದ ಕೈಯನ್ನು ಎಲ್ಲರಿಗೂ ಕಾಣುವ ಹಾಗೆ ನೀವಿಕೊಂಡಳು.

ಎಂಜಿನ್ನು ನಿಲ್ಲಿಸಿದ ಮೇಲೆ ಅವಳ ತಮ್ಮ ಅದನ್ನು ಸುತ್ತು ಹಾಕಿ ನೋಡಿದ. ಕುಂದು ಹುಡುಕಿಯೇ ಹುಡುಕಿದ. ಕೊನೆಗೆ ಬೆರಳು ತೋರಿಸಿದ. "ಎಲ್ಲ ಸರಿ ಭಾವ. ಇಲ್ಲೊಂದು ರಟ್ಟು ಸೊಟ್ಟಗೆ ಹೊರಗೆ ಇಣುಕುತ್ತಿದೆಯಲ್ಲ, ಇದೂ ನಿನ್ನ ಕೈಯದೇ?"

ಸೊಟ್ಟ ಕೆಲಸ ತನ್ನ ಹೆಸರಿನಲ್ಲಿ ಹೊರಬಿದ್ದದ್ದನ್ನು ನೇಕಾರ ಹುಟ್ಟಿದಾಗಿನಿಂದ ಕಂಡವನಲ್ಲ. ಕೇರಿಯೆಲ್ಲ ಅವನ ಮುಖವನ್ನೇ ನೋಡಿತು.

"ಕತ್ತರಿ ಹಿಡಿದದ್ದು ನಾನು, ಕಸುಬು ನನ್ನದಲ್ಲ" ಎಂದ ನೇಕಾರ. "ನನಗಿಂತ ಮೊದಲು ಇದನ್ನು ರಿಪೇರಿ ಮಾಡಿದವನೊಬ್ಬ ಇದ್ದ. ಹೆಸರು ಗೊತ್ತಿಲ್ಲ. ನಾನು ನೆಟ್ಟಗೆ ಮಾಡಿದೆ, ಓಡಲಿಲ್ಲ. ಅವನ ಹಾಗೆ ಮಾಡಿದೆ, ಓಡಿತು. ಹತ್ತಿರ ಬಂದು ನೋಡಿ ಎಲ್ಲರೂ, ಎಂಥಾ ಕೆಲಸಗಾರ!"

ಹೇಳಿದವನೇ, ಸೊಟ್ಟ ರಟ್ಟು ಇಣುಕುವ ಮಗ್ಗುಲನ್ನೇ ಜನರ ಕಡೆಗೆ ತಿರುಗಿಸಿ ಇಟ್ಟ.

ಗುರುಗಳು ಇಷ್ಟಕ್ಕೆ ಕತೆ ಮುಗಿಸಿದರು.

"ಹಾಗಾದರೆ ಅಲ್ಲಿಗೆ ಅವನ ಹೆಮ್ಮೆ ಇಳಿಯಿತು, ಅಲ್ಲವೇ ಬುದ್ಧಿ?" ಎಂದ ಮೃತ್ಯುಂಜಯ.

"ಇಳಿಯುವುದೇ? ಅಂಗಳದಲ್ಲಿ ಹಿಡಿಸದಷ್ಟಾಯಿತು" ಎಂದು ಗುರುಗಳು ನಕ್ಕರು.

ಗುರುಗಳು ಜಪಸರ ಎತ್ತಿಕೊಂಡರು.

"ಎದೆ ಉಬ್ಬಲಿ ಬಿಡಪ್ಪ, ಒಳಗೆ ಇನ್ನೊಬ್ಬರು ಕೂರುವಷ್ಟು ಜಾಗ ಆಗುವ ತನಕ ಉಬ್ಬಲಿ."