ಹನ್ನೊಂದನೇ ಕಾಲಂ

ರಾಚಯ್ಯ ಅಜ್ಜಾರಿಗೆ ಎಂಟು ದಿನದಿಂದ ತಲೆ ಚಿಟ್ಟು ಹಿಡಿದಿತ್ತು.

ಹಿಡಿಸಿದವನು ಅವರ ಹಳೆಯ ಶಿಷ್ಯ ಅಡಿವೆಪ್ಪ. ಹೊಳೆದಂಡೆಯ ಅಜ್ಜಾರ ಪುಟ್ಟ ಆಶ್ರಮದಲ್ಲೇ ಉಂಡು, ಓದಿ, ವಾಯುಪಡೆ ಸೇರಿದವನು. ಅಲ್ಲಿ ಇಪ್ಪತ್ತು ವರ್ಷ ಗೋಪುರದ ಮೇಲಿನ ಗಾಜಿನ ಕೋಣೆಯಲ್ಲಿ ಕೂತು, ವಿಮಾನಗಳಿಗೆ ಇಳಿ, ಏರು, ಕಾಯಿ ಎಂದು ರೇಡಿಯೋದಲ್ಲಿ ಹೇಳುವ ಕೆಲಸ ಮಾಡಿದ್ದ. ನಿವೃತ್ತನಾಗಿ ಎರಡು ತಿಂಗಳಾಗಿತ್ತು. ಹೆಂಡತಿ ಮಹಾನಂದಾ ಕಟ್ಟಿದ ಗಂಟು ಬಿಚ್ಚದೆ ತವರಿನಲ್ಲಿ ಕೂತಿದ್ದಳು, ಮುಂದಿನ ಊರು ಯಾವುದು ಎಂದು ಕೇಳುತ್ತಾ.

ಅವನ ಚೀಲದಲ್ಲಿ ಎರಡು ಅರ್ಜಿಗಳಿದ್ದವು.

ಸೈನ್ಯ ಬಿಟ್ಟ ನಿಯಂತ್ರಕರಿಗೆ ನಾಗರಿಕ ವಿಮಾನ ನಿಲ್ದಾಣದ ಕೆಲಸಕ್ಕೆ ಎರಡು ದಾರಿ. ಒಂದು ಅನುಭವಸ್ಥರ ನೇಮಕ. ಪರೀಕ್ಷೆ ಇಲ್ಲ, ಹಳೆಯ ಸೇವೆಯ ವಿವರ ನೋಡಿ, ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳಿ, ಒಪ್ಪಿಗೆಯಾದರೆ ಮೂರು ತಿಂಗಳಲ್ಲಿ ಗೋಪುರ ಹತ್ತಿಸುತ್ತಾರೆ. ಊರು ಮಾತ್ರ ಅವರು ಹೇಳಿದ್ದು.

ಇನ್ನೊಂದು ಮುಕ್ತ ಪರೀಕ್ಷೆ. ಇಪ್ಪತ್ತೆರಡರ ಹುಡುಗರ ಪಕ್ಕ ಕೂತು ಬರೆಯಬೇಕು, ಒಂದೂವರೆ ವರ್ಷ ಅಆಇಈಯಿಂದ ಕಲಿಯಬೇಕು. ಆದರೆ ಹಳೆಯದನ್ನು ಯಾರೂ ಕೇಳುವುದಿಲ್ಲ. ಅಂಕ ಚೆನ್ನಾಗಿ ಬಂದರೆ ಊರನ್ನೂ ಆರಿಸಿಕೊಳ್ಳಬಹುದು.

ಒಬ್ಬರು ಒಂದೇ ಅರ್ಜಿ ಹಾಕಬೇಕು. ಎರಡೂ ಹಾಕಿದರೆ ಎರಡೂ ಕಸದ ಬುಟ್ಟಿಗೆ. ತುಂಬಿದ ಅರ್ಜಿಯ ಚಿತ್ರ ತೆಗೆದು ಫೋನಿನಲ್ಲೇ ಕಳಿಸಬಹುದು, ಆದರೆ ಬರುವ ಶುಕ್ರವಾರ ಸಂಜೆ ಐದು ಗಂಟೆಗೆ ಎರಡರ ಗಡುವೂ ಮುಗಿಯುತ್ತದೆ. ಮುಂದಿನ ತಿಂಗಳು ಅಡಿವೆಪ್ಪನಿಗೆ ನಲವತ್ತು ತುಂಬುತ್ತದೆ, ಆಮೇಲೆ ಈ ಎರಡರಲ್ಲಿ ಯಾವ ಬಾಗಿಲೂ ಅವನಿಗೆ ತೆರೆಯುವುದಿಲ್ಲ.

ಬಂದ ದಿನ ಬೆಳಿಗ್ಗೆ ಅಜ್ಜಾರು ಹೊಳೆಯ ಕಲ್ಲಿನ ಮೇಲೆ ಧೋತರ ಒಗೆಯುತ್ತಿದ್ದರು. ಅಡುಗೆಯ ಕಾಶವ್ವ ಪಕ್ಕದಲ್ಲಿ ಭಾಂಡಿ ತಿಕ್ಕುತ್ತಿದ್ದಳು. ಅಡಿವೆಪ್ಪ ಕಾಲಿಗೆ ನಮಸ್ಕಾರ ಮಾಡಿ, ಎರಡೂ ದಾರಿಗಳ ಪುರಾಣ ಹೇಳಿ, ಕೇಳಿದ.

"ಯಾವ ಅರ್ಜಿ ಹಾಕಲ್ರಿ ಅಜ್ಜಾರ?"

ಅಜ್ಜಾರು ಧೋತರ ಹಿಂಡುತ್ತಾ ಹೇಳಿದರು. "ಬರಿಯಾಕ ಯಾವುದು ಕಷ್ಟ ಆಗತೈತೋ, ಅದನ್ನ ಬರಿ."

"ಹೂಂನ್ರಿ," ಎಂದ ಅಡಿವೆಪ್ಪ. ಅವನ ಕಣ್ಣು ಫೋನಿನ ಮೇಲಿತ್ತು. ಬೆರಳಿನಿಂದ ಏನನ್ನೋ ಹುಡುಕಿ, ಫೋನನ್ನು ಅಜ್ಜಾರ ಮುಖದ ಮುಂದೆ ಹಿಡಿದ. "ನಾ ಒಂದು ಪಟ್ಟಿ ಮಾಡೀನಿ, ನೋಡ್ರಿ."

ಅಲ್ಲಿಂದ ಶುರುವಾಯಿತು ಗ್ರಹಚಾರ.

ಪಟ್ಟಿಯಲ್ಲಿ ಮೊದಲ ದಿನ ಹನ್ನೆರಡು ಅಂಶಗಳಿದ್ದವು. ಮೂರನೆಯ ದಿನಕ್ಕೆ ಇಪ್ಪತ್ತಾದವು. ಸೆಕೆ ಹೆಚ್ಚಿರುವ ಊರು, ಶಾಲೆ ದೂರವಿರುವ ಊರು, ಮೊಣಕಾಲು ನೋವಿಗೆ ಗೋಪುರದ ಮೆಟ್ಟಿಲು. ಅಜ್ಜಾರು ಪೂಜೆಗೆ ಕೂತರೂ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದ. ಹೂವಿಗೆ ಹೋದರೆ ಬುಟ್ಟಿ ಹಿಡಿದು ಹಿಂದೆ ಬರುತ್ತಿದ್ದ. ಬುಟ್ಟಿ ಹಿಡಿದವನ ಕೈಯಲ್ಲಿ ಫೋನೂ ಇರುತ್ತಿತ್ತು.

"ಅಜ್ಜಾರ, ಹದಿನಾಲ್ಕನೇ ಅಂಶದಾಗ ಒಂದು ತೊಡಕೈತ್ರಿ."

"ಹದಿನಾಲ್ಕನೇದರ ಮನಿ ಹಾಳಾಗಲಿ. ದಾಸವಾಳ ಹರಿ."

"ಹೂಂನ್ರಿ," ಎಂದು ಅವನು ಕಣಗಿಲೆ ಹರಿದ.

ಐದನೆಯ ದಿನ ಅಜ್ಜಾರು ಉಪದೇಶ ಮಾಡಿಯೇ ಬಿಡೋಣ ಎಂದುಕೊಂಡರು. ಊಟದ ಹೊತ್ತಿಗೆ ಅವನ ಮುಂದೆ ಎರಡು ತಾಟು ಇಡಿಸಿದರು. ಒಂದರಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ. ಇನ್ನೊಂದರಲ್ಲಿ ರೊಟ್ಟಿ, ಹೆಸರುಕಾಳಿನ ಪಲ್ಯ.

"ಒಂದು ತಗೋ. ಒಂದ ಸಿಗತೈತಿ," ಎಂದರು.

ಅಡಿವೆಪ್ಪ ನೋಡಿದ. ಬದನೆಕಾಯಿ ರುಚಿ, ಆದರೆ ಮೈ ತುರಿಸುತ್ತದೆ. ಹೆಸರುಕಾಳು ಒಳ್ಳೆಯದು, ಆದರೆ ನಿನ್ನೆಯೂ ಅದೇ ಆಗಿತ್ತು. ಅವನು ಇನ್ನೂ ನೋಡುತ್ತಿರುವಾಗಲೇ ಅಜ್ಜಾರು ಎರಡೂ ತಾಟು ಎತ್ತಿ, ಅಂಗಳದ ನಾಯಿಯ ಮುಂದೆ ಇಟ್ಟು ಬಂದರು.

ಅಡಿವೆಪ್ಪ ನಾಯಿ ತಿನ್ನುವುದನ್ನೇ ನೋಡುತ್ತಾ ಕೂತ. ಅಜ್ಜಾರಿಗೆ ಸಮಾಧಾನವಾಯಿತು, ಮಾತು ನಾಟಿತು ಎಂದು. ಅವನು ಫೋನ್ ತೆಗೆದು ಬರೆದುಕೊಂಡ. ಅಂಶ ಇಪ್ಪತ್ತೇಳು: ಹಸಿದಾಗ ನಿರ್ಧಾರ ಮಾಡಬಾರದು.

ಕಾಶವ್ವ ಸೆರಗು ಬಾಯಿಗೆ ಅಡ್ಡ ಹಿಡಿದು ಒಳಗೆ ಓಡಿದಳು. ಅಜ್ಜಾರು ಆ ದಿನ ಮೌನವ್ರತ ಎಂದು ಘೋಷಿಸಿ ಬಾಗಿಲು ಹಾಕಿಕೊಂಡರು. ಐವತ್ತು ವರ್ಷದಲ್ಲಿ ಅವರ ಉಪದೇಶ ಇಷ್ಟು ದಂಡವಾದದ್ದು ಇದೇ ಮೊದಲು.

ಶುಕ್ರವಾರ ಬಂತು. ಮಧ್ಯಾಹ್ನ ಎರಡು ಗಂಟೆಗೆ ಅಡಿವೆಪ್ಪ ಬೇವಿನ ಮರದ ಕೆಳಗೆ ಎರಡೂ ಅರ್ಜಿ ಹರಡಿಕೊಂಡು, ಮೇಲೆ ಕಲ್ಲಿಟ್ಟು ಕೂತಿದ್ದ. ಪಟ್ಟಿ ಮೂವತ್ತೊಂದಕ್ಕೆ ಬಂದಿತ್ತು. ಮುಖ ಬಾಡಿ ಹೋಗಿತ್ತು. ಅಜ್ಜಾರಿಗೆ ಸಿಟ್ಟಿನ ಜೊತೆ ಕನಿಕರವೂ ಬಂತು. ಕನಿಕರ ಬಂದದ್ದಕ್ಕೆ ಸಿಟ್ಟು ಇನ್ನಷ್ಟು ಏರಿತು.

ಅವರು ಹೋಗಿ ಎದುರಿಗೆ ಕೂತರು.

"ಅಲ್ಲೋ, ಆ ಗಾಜಿನ ಕ್ವಾಣ್ಯಾಗ ನೀ ಹಿಂಗ ಕುಂತಿದ್ರ ಆ ವಿಮಾನಗಳ ಗತಿ ಏನಾಗತಿತ್ತು?"

"ಅಲ್ಲಿ ಹಿಂಗ ಇರಲಿಲ್ರಿ. ಅಲ್ಲಿ ಎರಡು ಸೆಕೆಂಡು ಸಾಕಾಗತಿತ್ತು."

"ಹೆಂಗ?"

"ಎರಡು ವಿಮಾನ ಕೂಡೇ ಇಳಿಯಾಕ ಬಂದಿರತಾವು. ಒಂದಕ್ಕ ಇಳಿ ಅಂತೀವಿ. ಇನ್ನೊಂದಕ್ಕ ಮ್ಯಾಲೆ ಸುತ್ತು ಅಂತೀವಿ."

"ಎಷ್ಟೊತ್ತು ಸುತ್ತತೈತಿ ಅದು?"

"ಎಣ್ಣಿ ಇರೋತನಕ್ರಿ."

ಅಜ್ಜಾರು ಅವನ ಮುಖವನ್ನೇ ನೋಡಿದರು. ತನ್ನ ಬಾಯಿಂದ ಏನು ಬಂತೆಂದು ಅಡಿವೆಪ್ಪನಿಗೆ ಹೊಳೆಯಲಿಲ್ಲ. ಅವರು ನಿಟ್ಟುಸಿರು ಬಿಟ್ಟು ಮುಂದೆ ಕೇಳಿದರು.

"ನೀ ಹೇಳಿದ್ದು ಮ್ಯಾಲಿದ್ದವಗ ಮುಟ್ಟೈತಿ ಅಂತ ನಿನಗ ಹೆಂಗ ಗೊತ್ತಾಗತೈತಿ?"

ಕೆಲಸದ ಮಾತು ಬಂದದ್ದೇ ಅಡಿವೆಪ್ಪನ ಬೆನ್ನು ನೆಟ್ಟಗಾಯಿತು. "ಅಂವ ತಿರುಗಿ ಹೇಳಬೇಕ್ರಿ. ಬರೇ ಹೂಂ ಅಂದ್ರ ನಡಿಯೂದಿಲ್ಲ. ನಾ ಏಳು ಸಾವಿರ ಅಡಿಗೆ ಇಳಿ ಅಂದ್ರ, ಅಂವನೂ ಏಳು ಸಾವಿರ ಅಂತ ತಿರುಗಿ ಹೇಳಬೇಕು. ಕೇಳಿ, ಸರಿ ಇದ್ರ, ನಾ ಸರಿ ಅಂತೀನಿ. ಅಲ್ಲೀತನಕ ಹೇಳಿದ್ದು ಹೇಳಿದಂಗಲ್ಲ."

"ಅಂವ ತಪ್ಪು ಹೇಳಿದ್ರ?"

"ನಾವು ಹಿಡೀಬೇಕು."

"ಹಿಡೀದಿದ್ರ?"

ಅಡಿವೆಪ್ಪ ಅರ್ಜಿಯ ಮೇಲಿದ್ದ ಕಲ್ಲನ್ನು ಎತ್ತಿ, ಮತ್ತೆ ಅಲ್ಲೇ ಇಟ್ಟ.

"ಒಮ್ಮಿ ಹಿಡೀಲಿಲ್ರಿ," ಎಂದ.

"ಏನಾಗಿತ್ತು?" ಎಂದರು ಅಜ್ಜಾರು.

"ಕಲಿಯಾಕತ್ತಿದ್ದ ಪೈಲಟ್. ನಾ ಏಳು ಸಾವಿರ ಅಂದೆ. ಅಂವ ಐದು ಸಾವಿರ ಅಂದ. ನಾ ಆಗಲೇ ಇನ್ನೊಂದು ವಿಮಾನದ ಕಡೆ ನೋಡಾಕತ್ತಿದ್ದೆ. ಸರಿ ಅಂದುಬಿಟ್ಟೆ. ಐದು ಸಾವಿರದಾಗ ಬ್ಯಾರೆ ವಿಮಾನ ಇತ್ತು."

"ಆಮ್ಯಾಲೆ?"

"ಒಂಬತ್ತು ಸೆಕೆಂಡಿಗೆ ನನಗ ಕಾಣ್ತು. ಎಡಕ್ಕ ತಿರುಗಿಸಿದೆ. ಯಾರಿಗೂ ಏನೂ ಆಗಲಿಲ್ಲ. ವಿಚಾರಣಿ ಆತು. ಪೈಲಟ್ ತಪ್ಪು ಹೇಳಿದ್ದ ಅಂತ ಬರದು ಮುಚ್ಚಿದ್ರು."

ಅಜ್ಜಾರು ಕಲ್ಲು ಸರಿಸಿ ಅರ್ಜಿಗಳನ್ನು ಕೈಗೆತ್ತಿಕೊಂಡರು. ಮುಕ್ತ ಪರೀಕ್ಷೆಯ ಅರ್ಜಿ ಮುತ್ತಿನಂಥ ಅಕ್ಷರದಲ್ಲಿ ಪೂರ್ತಿ ತುಂಬಿತ್ತು, ಸಹಿಯೊಂದು ಬಿಟ್ಟು. ಅನುಭವಸ್ಥರ ಅರ್ಜಿ ಹತ್ತನೇ ಕಾಲಂವರೆಗೆ ತುಂಬಿತ್ತು. ಹನ್ನೊಂದನೆಯದು ಖಾಲಿ. ನಿಮ್ಮ ಕರ್ತವ್ಯದ ವೇಳೆ ನಡೆದ ಘಟನೆಗಳಿದ್ದರೆ ನಿಮ್ಮದೇ ಮಾತಿನಲ್ಲಿ ವಿವರಿಸಿ ಎಂದಿತ್ತು. ಕೆಳಗೆ ಆರು ಗೆರೆ.

"ಮೂವತ್ತೊಂದು ಅಂಶ ಬರದಿ. ಸೆಕಿ ಬರದಿ, ಮೆಟ್ಟಲ ಬರದಿ. ಈ ಹನ್ನೊಂದನೇ ಕಾಲಂ ನಿನ್ನ ಪಟ್ಟ್ಯಾಗ ಎಲ್ಲೈತಿ?"

"ಬರದ್ರ ತಗೊಳ್ಳಿಕ್ಕಿಲ್ರಿ ಅಜ್ಜಾರ."

"ತಗೊಳ್ಳಿಕ್ಕಿಲ್ಲ," ಎಂದು ಅಜ್ಜಾರೂ ಒಪ್ಪಿದರು.

ಇಲ್ಲ, ತಗೋತಾರ, ಚಿಂತಿ ಮಾಡಬ್ಯಾಡ ಎಂಬ ಮಾತನ್ನು ಅಡಿವೆಪ್ಪ ನಿರೀಕ್ಷಿಸಿದ್ದ. ಅವನಿಗೆ ಕಸಿವಿಸಿಯಾಯಿತು.

"ಪರೀಕ್ಷಾದ ದಾರ್ಯಾಗ ಇದನ್ನ ಯಾರೂ ಕೇಳೂದಿಲ್ರಿ."

"ಹೌದು, ಯಾರೂ ಕೇಳೂದಿಲ್ಲ. ಒಂದೂವರಿ ವರ್ಷ ಕಳದು ಮತ್ತ ಅದ ಗಾಜಿನ ಕ್ವಾಣಿಗೆ ಹೋಗಿ ಕುಂದರತಿ. ಮ್ಯಾಲಿನಿಂದ ಒಬ್ಬಂವ ತಿರುಗಿ ಹೇಳತಾನ. ಆಗ ಅಲ್ಲಿ ಯಾರಿರತಾರ, ನೀ ಒಬ್ಬನ."

ಅಡಿವೆಪ್ಪನಿಗೆ ತಡೆಯಲಾಗಲಿಲ್ಲ. ಎಂಟು ದಿನದ ಸಂಕಟ ಒಟ್ಟಿಗೇ ಬಾಯಿಗೆ ಬಂತು.

"ಹಂಗಾದ್ರ ಯಾವುದು ಹಾಕಬೇಕು ಅಂತ ನೀವ ಒಂದು ಮಾತು ಹೇಳಿಬಿಡ್ರಿ. ಎಂಟು ದಿನದಿಂದ ಕೇಳಾಕತ್ತೀನಿ. ತಾಟು ನಾಯಿಗೆ ಹಾಕಿದ್ರಿ, ಬಾಗಲಾ ಹಾಕ್ಕೊಂಡ್ರಿ. ಉತ್ತರಾ ಅಂತೂ ಕೊಡಲಿಲ್ಲ."

"ಕೊಟ್ಟೀನಿ," ಎಂದರು ಅಜ್ಜಾರು.

"ಯಾವಾಗ್ರಿ?"

"ನೀ ಬಂದ ದಿನ, ಧೋತರ ಹಿಂಡುವಾಗ."

"ಏನಂದ್ರಿ?"

"ತಿರುಗಿ ಹೇಳು."

ಅಡಿವೆಪ್ಪ ಫೋನ್ ತೆಗೆದು ಪಟ್ಟಿಯಲ್ಲಿ ಹುಡುಕಿದ. ಆ ಮಾತು ಅಲ್ಲಿರಲಿಲ್ಲ.

ಕಾಶವ್ವ ಒಲೆಯ ಮುಂದಿನಿಂದಲೇ ಕತ್ತು ಚಾಚಿದಳು. "ಹೇಳ್ಯಾರಪ. ನಾ ಅಲ್ಲೇ ಭಾಂಡಿ ತಿಕ್ಕಾಕತ್ತಿದ್ದೆ. ನೀ ಹೂಂನ್ರಿ ಅಂದಿ."

"ಏನ ಹೇಳಿದ್ರ, ಅವ್ವ?"

ಕಾಶವ್ವ ಹೇಳಲು ಹೊರಟವಳು ಅಜ್ಜಾರ ಕಣ್ಣು ನೋಡಿದಳು. "ನನಗ್ಯಾಕ ಬೇಕಪ ಈ ಉಸಾಬರಿ," ಎಂದು ಒಳಗೆ ಸರಿದಳು.

ಅಡಿವೆಪ್ಪ ಎದ್ದು ಹೊಳೆಗೆ ಇಳಿದ. ಧೋತರ ಒಗೆಯುವ ಕಲ್ಲಿನ ಹತ್ತಿರ, ಆ ದಿನ ನಿಂತಲ್ಲೇ ನಿಂತ. ಕೈಯಲ್ಲಿ ಫೋನ್ ಹಿಡಿದಿದ್ದು ನೆನಪಾಯಿತು. ಪಟ್ಟಿ ಬೇಗ ಸಿಗದೆ ಸಿಡಿಮಿಡಿಗೊಂಡದ್ದು ನೆನಪಾಯಿತು. ಅಜ್ಜಾರ ತುಟಿ ಅಲುಗಾಡಿದ್ದು ನೆನಪಾಯಿತು, ಮಾತು ನೆನಪಾಗಲಿಲ್ಲ. ತನ್ನ ಹೂಂ ಮಾತ್ರ ಕಿವಿಗೆ ಸ್ಪಷ್ಟವಾಗಿ ಕೇಳಿಸಿತು.

ಆ ದನಿ ಅವನಿಗೆ ಗುರುತಿನದು. ಆ ಪೈಲಟನಿಗೆ ಸರಿ ಎಂದದ್ದೂ ಇದೇ ದನಿಯಲ್ಲಿ. ಅವನಿಗೆ ನಾಚಿಕೆಯಾಯಿತು. ವಿಚಾರಣೆಯ ದಿನವೂ ಇಷ್ಟು ನಾಚಿಕೆಯಾಗಿರಲಿಲ್ಲ.

ಮತ್ತೆ ಮೊದಲಿನಿಂದ ನೆನೆದ. ನಮಸ್ಕಾರ ಮಾಡಿದ್ದು. ಕೇಳಿದ್ದು. ನೀರು ಸೋರುತ್ತಿದ್ದ ಧೋತರ. ಅಲ್ಲಿಗೆ ಬಂದು ಈ ಸಲ ನೆನಪಿನಲ್ಲೇ ಫೋನ್ ನೋಡದೆ ಅಜ್ಜಾರ ಮುಖವನ್ನೇ ನೋಡಿದ.

ನಾಲ್ಕು ಗಂಟೆ ದಾಟಿದ ಮೇಲೆ ಮೇಲೆ ಹತ್ತಿ ಬಂದ. ಅಜ್ಜಾರು ಬೇವಿನ ಕೆಳಗೆ ಕೂತೇ ಇದ್ದರು.

"ಬರಿಯಾಕ ಯಾವುದು ಕಷ್ಟ ಆಗತೈತೋ ಅದನ್ನ ಬರಿ ಅಂದ್ರಿ."

ಅಜ್ಜಾರು ಸರಿ ಎನ್ನಲೂ ಇಲ್ಲ, ತಪ್ಪು ಎನ್ನಲೂ ಇಲ್ಲ. ಪೆನ್ನು ಮುಂದಕ್ಕೆ ಸರಿಸಿದರು.

ಅಡಿವೆಪ್ಪ ಒಂದು ಗೆರೆ ಬರೆದು ತೋರಿಸಿದ. ಪೈಲಟ್ ತಪ್ಪು ಎತ್ತರ ಹೇಳಿದ್ದರಿಂದ ಘಟನೆ ಸಂಭವಿಸಿತು ಎಂದಿತ್ತು.

ಅಜ್ಜಾರು ಕನ್ನಡಕ ಸರಿಮಾಡಿಕೊಂಡು ಓದಿ, ಕಾಗದ ವಾಪಸು ಕೊಟ್ಟರು. "ಇದು ಆ ಪೈಲಟನ ಅರ್ಜಿ ಏನೋ?"

ಅವನು ಆ ಗೆರೆ ಹೊಡೆದು ಹಾಕಿದ. ಉಳಿದ ಐದು ಗೆರೆ ತುಂಬಲು ಅರ್ಧ ಗಂಟೆ ಹಿಡಿಯಿತು. ನಡುವೆ ಎರಡು ಸಲ ಎದ್ದು ನೀರು ಕುಡಿದು ಬಂದ. ಕೊನೆಗೆ ಗಟ್ಟಿಯಾಗಿ ಓದಿದ.

"ನಾನು ಏಳು ಸಾವಿರ ಎಂದೆ. ಪೈಲಟ್ ಐದು ಸಾವಿರ ಎಂದರು. ನಾನು ಬೇರೆ ಕಡೆ ನೋಡುತ್ತಿದ್ದೆ, ಕೇಳಿಸಿಕೊಳ್ಳದೆ ಸರಿ ಎಂದೆ. ಒಂಬತ್ತು ಸೆಕೆಂಡು ಎರಡು ವಿಮಾನಗಳು ಒಂದೇ ಎತ್ತರದ ದಾರಿಯಲ್ಲಿದ್ದವು. ಕೇಳಿಸಿಕೊಳ್ಳುವುದು ನನ್ನ ಕೆಲಸವಾಗಿತ್ತು."

ಸಹಿ ಮಾಡಿದ. ಫೋನಿನಲ್ಲಿ ಚಿತ್ರ ತೆಗೆದ. ಇನ್ನೊಂದು ಅರ್ಜಿಯನ್ನು ಕಾಶವ್ವ ಕೇಳದೆಯೇ ಬಂದು ಒಲೆಗೆ ಒಯ್ದಳು.

ಗಂಟೆ ನಾಲ್ಕು ಐವತ್ತೆರಡು ಆಗಿತ್ತು. ಕಳಿಸು ಎಂಬ ಗುಂಡಿಯ ಮೇಲೆ ಅಡಿವೆಪ್ಪನ ಹೆಬ್ಬೆರಳು ಒಂದು ಇಂಚು ಎತ್ತರದಲ್ಲಿ ನಿಂತಿತು. ಅವನು ತಲೆಯೆತ್ತಿದ.

"ಕಳಸ್ಲ್ಯಾ ಅಜ್ಜಾರ?"

ಅಜ್ಜಾರು ಎರಡೂ ಕೈಯಿಂದ ತಮ್ಮ ತಲೆ ಹಿಡಿದುಕೊಂಡರು.

"ತಿರುಗಿ ಹೇಳಿದ್ದು ಸರಿ ಐತಿ. ಇನ್ನರ ಇಳಿಯೋ ಮಾರಾಯಾ, ಎಂಟು ದಿನದಿಂದ ನನ್ನ ತಲಿ ಮ್ಯಾಲೆ ಸುತ್ತಾಕತ್ತಿ."