ಗುಡ್ಡ ದಾಟಿಸಿದ ಬಾಡಿಗೆ ಬಾಯಿ

"ಗುರುಗಳೇ, ಕಾರ್ತಿಕ ಮಾಸವಿಡೀ ನಾನು ಮೌನವಾಗಿದ್ದೆ. ಒಂದು ಅಕ್ಷರ ಆಡಲಿಲ್ಲ. ನನಗೆ ಮೌನ ಸಿದ್ಧಿಸಿತೆಂದು ಇನ್ನು ತಿಳಿಯಬಹುದೇ?" ಎಂದು ಶಿಷ್ಯ ಕೇಳಿದ.

"ತಿಳಿಯುವುದು ಆಮೇಲಿರಲಿ. ಮೊದಲು ಒಬ್ಬ ವ್ಯಾಪಾರಿಯ ಕತೆ ಕೇಳು," ಎಂದು ಗುರುಗಳು ಹೇಳತೊಡಗಿದರು.

ಗುಡ್ಡದ ಬುಡದ ಒಂದು ಊರಿನಲ್ಲಿ ಒಬ್ಬ ವ್ಯಾಪಾರಿಯಿದ್ದ. ಉಪ್ಪು, ಬೆಲ್ಲ, ಬೇಳೆ ಮಾರುತ್ತಿದ್ದ. ಕೆಟ್ಟ ಮನುಷ್ಯನಲ್ಲ. ನಾಲಿಗೆ ಮಾತ್ರ ಅವನ ಹಿಡಿತದಲ್ಲಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಮೊದಲು ಸಾರನ್ನು ಬೈಯುತ್ತಿದ್ದ, ಆಮೇಲೆ ಸಾರು ಮಾಡಿದವಳನ್ನು. ಅಷ್ಟರಲ್ಲಿ ಊಟ ಮುಗಿಯದಿದ್ದರೆ ಅವಳ ತವರಿನವರನ್ನೂ ಎಳೆದು ತರುತ್ತಿದ್ದ. ಉಪ್ಪು ತನ್ನ ಅಂಗಡಿಯದೇ ಎಂಬುದು ಅವನಿಗೆ ನೆನಪಾಗುತ್ತಿರಲಿಲ್ಲ.

ಅವನ ಹೆಂಡತಿ ಹಂಪಮ್ಮ ಬಹಳ ವರ್ಷ ತಾಳಿದಳು. ಒಂದು ದಿನ ಸೀರೆ ಗಂಟು ಕಟ್ಟಿಕೊಂಡು ಹೊಸ್ತಿಲ ಬಳಿ ನಿಂತಳು.

"ಕಣ್ಣಿಗೆ ರೆಪ್ಪಿ ಕೊಟ್ಟ ದೇವರು ಕಿವಿಗೆ ಕೊಡಲಿಲ್ಲ ನೋಡ್ರಿ, ಅದಕ್ಕ ಹೊಂಟೀನಿ," ಎಂದಳು. "ಶ್ರಾವಣ ಪೂರ್ತಿ ಬಾಯಿ ಕಟ್ರಿ. ತಿಂಗಳು ಮುಗಿದ ಮರುದಿನ ನಮ್ಮೂರಿಗೆ ಬರ್ರಿ. ನಾನಾಗಿ ಮಾತಾಡ್ಸೋ ತನಕ ತುಟಿ ಬಿಚ್ಚಬ್ಯಾಡ್ರಿ. ಹಂಗ ಬಂದ್ರೆ ನಿಂತ ಕಾಲ ಮ್ಯಾಲ ನಿಮ್ಮ ಜೋಡಿ ಬರ್ತೀನಿ. ನಡುವ ಒಂದು ಮಾತು ಜಾರಿದ್ರೂ ಗುಡ್ಡ ಹತ್ತೋ ತ್ರಾಸ ತಗೋಬ್ಯಾಡ್ರಿ."

ವ್ಯಾಪಾರಿ ನಕ್ಕ. ಎರಡು ದಿನ ನಗುತ್ತಲೇ ಇದ್ದ. ಮೂರನೆಯ ದಿನ ತಾನೇ ಮಾಡಿದ ಸಾರಿಗೆ ಉಪ್ಪು ಹೆಚ್ಚಾಯಿತು. ಬೈಯಲು ಬಾಯಿ ತೆರೆದು ಸುತ್ತ ನೋಡಿದ. ಮನೆಯಲ್ಲಿ ಯಾರೂ ಇರಲಿಲ್ಲ. ಹೆಂಡತಿಯ ಮೇಲೆ ತನಗೆ ಎಷ್ಟು ಪ್ರೀತಿ ಇದೆ ಎಂಬುದು ಅವನಿಗೆ ಆಗ ಗೊತ್ತಾಯಿತು.

ಶ್ರಾವಣ ಹುಟ್ಟಿದ ದಿನವೇ ಬಾಯಿ ಕಟ್ಟಿದ. ಅವಳು ಎದುರು ನಿಂತು ಮಾತಾಡಿಸಿದಾಗ ತಾನು ಮೊದಲು ಏನು ಹೇಳಬೇಕೆಂದು ಯೋಚಿಸಿದ. "ತಪ್ಪಾಯಿತು, ಮನೆಗೆ ಹೋಗೋಣ ಬಾ," ಇಷ್ಟೇ. ಈ ಮಾತನ್ನು ಮನಸ್ಸಿನಲ್ಲಿ ಭದ್ರವಾಗಿ ಇಟ್ಟುಕೊಂಡ. ಅಂಗಡಿಯಲ್ಲಿ ಗಿರಾಕಿ ಬೆಲೆ ಕೇಳಿದರೆ ಬೆರಳು ತೋರಿಸಿದ, ಚೌಕಾಸಿ ಮಾಡಿದರೆ ತಲೆ ಅಲ್ಲಾಡಿಸಿದ. ಈಗ ಬೈಗುಳವಿಲ್ಲದೆ ಬೆಲ್ಲ ಸಿಗುತ್ತದೆಂದು ಸುದ್ದಿ ಹಬ್ಬಿತು. ಪಕ್ಕದ ಹಳ್ಳಿಯವರೂ ಅವನ ಅಂಗಡಿಗೆ ಬರತೊಡಗಿದರು. ಶ್ರಾವಣ ಮುಗಿಯಿತು. ಒಂದು ಮಾತೂ ಜಾರಿರಲಿಲ್ಲ.

ಇನ್ನು ಉಳಿದದ್ದು ಗುಡ್ಡ.

ಹಂಪಮ್ಮನ ತವರು ಗುಡ್ಡದ ಆಚೆ ಬದಿಗಿತ್ತು. ಬಳಸಿ ಹೋಗುವ ಬಂಡಿ ದಾರಿಗೆ ಅಡ್ಡವಾಗಿ ಹಳ್ಳ ತುಂಬಿ ಹರಿಯುತ್ತಿತ್ತು. ಇದ್ದದ್ದು ಗುಡ್ಡದ ಕಾಲುದಾರಿ ಒಂದೇ. ಬಂಡೆಗಳ ಮತ್ತು ಮುಳ್ಳು ಪೊದೆಗಳ ನಡುವೆ ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟು ಅಗಲ. ಆ ಪೊದೆಗಳಲ್ಲಿ ಕರಡಿಗಳಿದ್ದವು.

ಕರಡಿ ಮನುಷ್ಯನನ್ನು ಹುಡುಕಿಕೊಂಡು ಬರುವುದಿಲ್ಲ. ಅದಕ್ಕೆ ಕಣ್ಣು ಮಂದ. ಹುತ್ತಕ್ಕೆ ಮೂತಿಯಿಟ್ಟು ಗೆದ್ದಲು ಹೀರುತ್ತಿದ್ದರೆ ಹೆಜ್ಜೆ ಸಪ್ಪಳವೂ ಕೇಳದು. ತೀರ ಹತ್ತಿರ ಬಂದ ಮೇಲೆ ಗೊತ್ತಾಗುತ್ತದೆ. ಗೊತ್ತಾದಾಗ ಹೆದರುತ್ತದೆ. ಹೆದರಿದರೆ ಮುಖಕ್ಕೇ ಕೈ ಹಾಕುತ್ತದೆ. ಆದ್ದರಿಂದ ಆ ಊರಿನವರು ಗುಡ್ಡದಲ್ಲಿ ನಡೆಯುವಾಗ ಬಾಯಿ ಮುಚ್ಚುತ್ತಿರಲಿಲ್ಲ. ಇಬ್ಬರಿದ್ದರೆ ಜೋರಾಗಿ ಮಾತಾಡುತ್ತಿದ್ದರು. ಒಬ್ಬರೇ ಇದ್ದರೆ, ಎದುರಿಗಿಲ್ಲದ ನೆಂಟರನ್ನು ಬೈಯುತ್ತ ಹತ್ತುತ್ತಿದ್ದರು. ಇದರಲ್ಲಿ ನಮ್ಮ ವ್ಯಾಪಾರಿ ಎತ್ತಿದ ಕೈ. ಅವನು ಹತ್ತಿದ ದಿನ ಕರಡಿಗಳು ಪಕ್ಕದ ಗುಡ್ಡಕ್ಕೆ ಹೋಗಿ ಮಲಗುತ್ತವೆಂದು ಜನ ಹೇಳುತ್ತಿದ್ದರು. ಈಗ ಅದೇ ಗುಡ್ಡವನ್ನು ಅವನು ಬಾಯಿ ಬಿಡದೆ ಹತ್ತಬೇಕಾಗಿತ್ತು.

"ಕಾಲಿಗೆ ಗಂಟೆ ಕಟ್ಟಿಕೊಳ್ಳಬಹುದಿತ್ತಲ್ಲ, ಗುರುಗಳೇ?" ಎಂದ ಶಿಷ್ಯ.

"ಆ ಗುಡ್ಡದಲ್ಲಿ ದಿನಾ ಮೇಕೆ ಮೇಯುತ್ತವೆ. ಗಂಟೆ ಕೇಳಿದರೆ ಕರಡಿ ತಲೆ ಎತ್ತುವುದೂ ಇಲ್ಲ," ಎಂದು ಗುರುಗಳು ಮುಂದುವರಿಸಿದರು.

ವ್ಯಾಪಾರಿ ಊರ ಕಟ್ಟೆಗೆ ಬಂದ. ಗುಡ್ಡದ ಕಡೆ ಕೈ ತೋರಿಸಿದ. ಬೆರಳುಗಳನ್ನು ಕರಡಿಯ ಉಗುರಿನಂತೆ ಮಡಚಿ ಗಾಳಿಯನ್ನು ಪರಚಿದ, ಆಮೇಲೆ ತನ್ನ ಎದೆಯನ್ನೂ ಪರಚಿಕೊಂಡ.

"ಪಾಪ, ಕಜ್ಜಿ ಆಗೇತಿ. ಗುಡ್ಡದಾಗಿನ ಬೇರು ಬೇಕಂತ," ಎಂದ ಒಬ್ಬ ಮುದುಕ.

ವ್ಯಾಪಾರಿ ಕೈಕಾಲು ಊರಿ ಕಟ್ಟೆಯ ಸುತ್ತ ಒಂದು ಸುತ್ತು ಬಂದ.

"ಬೇರಿಗೆ ಹೋಗೋ ರೋಗ ಅಲ್ಲ ಬಿಡ್ರಿ ಇದು," ಎಂದ ಇನ್ನೊಬ್ಬ.

ಅಲ್ಲಿ ಗಾದಿಲಿಂಗ ಎಂಬ ಕುರಿಗಾಹಿ ಕೂತಿದ್ದ. ಅವನು ದಿನವಿಡೀ ಕುರಿಗಳ ಜೊತೆ ಮಾತಾಡುವವನು. ಉತ್ತರ ಬರದಿದ್ದರೂ ಮಾತು ಮುಂದುವರಿಸುವುದು ಅವನಿಗೆ ರೂಢಿ. ಅವನು ಎದ್ದು ನಿಂತ. "ಲೇ, ಸುಮ್ನಿರ್ರೋ. ಸಾವ್ಕಾರ್ರು ಹೆಂಡ್ತಿ ಕರಿಯಾಕ ಕರಡಿ ಗುಡ್ಡ ದಾಟಬೇಕು. ತಮ್ಮ ಬಾಯಿ ಬಿಡಂಗಿಲ್ಲ. ಬಾಡಿಗಿ ಬಾಯಿ ಬೇಕಾಗೇತಿ ಅವರಿಗೆ."

ವ್ಯಾಪಾರಿ ಮೇಲೆದ್ದು ಮಂಡಿಯ ಧೂಳು ಕೊಡವಿಕೊಂಡು ಜೋರಾಗಿ ತಲೆಯಾಡಿಸಿದ. ಕೂಲಿ ಒಂದು ಅಚ್ಚು ಬೆಲ್ಲ ಎಂದು ತೀರ್ಮಾನವಾಯಿತು. ಇನ್ನೊಂದು ಅನುಕೂಲವೂ ಇತ್ತು. ಗಾದಿಲಿಂಗನ ಹೊಟ್ಟೆಯಲ್ಲಿ ಯಾವ ಮಾತೂ ನಿಲ್ಲುವುದಿಲ್ಲವೆಂದು ಎರಡೂ ಊರಿಗೆ ಗೊತ್ತಿತ್ತು. ವ್ಯಾಪಾರಿ ದಾರಿಯಲ್ಲಿ ಬಾಯಿ ಬಿಡಲಿಲ್ಲ ಎಂದು ಅವನು ಹೇಳಿದರೆ ಹಂಪಮ್ಮ ನಂಬುತ್ತಾಳೆ.

ಬೆಳಗ್ಗೆ ಇಬ್ಬರೂ ಹೊರಟರು. ಗಾದಿಲಿಂಗ ಮುಂದೆ, ವ್ಯಾಪಾರಿ ಹಿಂದೆ.

ಗಾದಿಲಿಂಗ ಮೊದಲು ತನ್ನ ಕುರಿಗಳ ಬಗ್ಗೆ ಮಾತಾಡಿದ. ಒಂದೊಂದರ ಸ್ವಭಾವವನ್ನೂ ವಿವರಿಸಿದ. ಕುರಿಗಳು ಮುಗಿದವು. ಆಮೇಲೆ ನಾಯಿಯ ವಿಷಯ ಬಂತು, ಅದೂ ಮುಗಿಯಿತು. ಗುಡ್ಡ ಇನ್ನೂ ಕಾಲುಭಾಗ ಹತ್ತಿರಲಿಲ್ಲ. ಹೊಸ ವಿಷಯ ಬೇಕಾಯಿತು.

"ಸಾವ್ಕಾರ್ರೇ, ಒಂದು ಮಾತು ಕೇಳ್ಲಾ? ಬ್ಯಾಡ ಅಂದ್ರ ಬಿಡ್ತೀನಿ."

ವ್ಯಾಪಾರಿ ತಲೆಯನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಿದ. ಗಾದಿಲಿಂಗ ಮುಂದೆ ನೋಡಿಕೊಂಡು ನಡೆಯುತ್ತಿದ್ದ.

"ಬ್ಯಾಡ ಅನ್ನಲಿಲ್ಲ. ಕೇಳ್ತೀನಿ. ನಿಮ್ಮ ತಕ್ಕಡಿ ತಟ್ಟಿ ಕೆಳಗ ಹುಣಸೆಹಣ್ಣು ಅಂಟಿಸಿರ್ತೀರಂತಲ್ಲ, ಖರೇ ಏನ್ರಿ? ಸುಳ್ಳಾದ್ರ ಸುಳ್ಳು ಅನ್ರಿ, ನಾನೇನ್ ತಪ್ಪು ತಿಳ್ಕೊಳ್ಳಂಗಿಲ್ಲ."

ವ್ಯಾಪಾರಿ ಹಿಂದಿನಿಂದ ಎರಡೂ ಕೈ ಬೀಸಿದ.

"ಸುಳ್ಳು ಅನ್ನಲಿಲ್ಲ," ಎಂದು ಗಾದಿಲಿಂಗ ನಿಟ್ಟುಸಿರು ಬಿಟ್ಟ. "ಇರ್ಲಿ ಬಿಡ್ರಿ. ಒಪ್ಪಿಕೊಂಡ್ರಲ್ಲ, ಅದು ದೊಡ್ಡ ಗುಣ."

ವ್ಯಾಪಾರಿಗೆ ಉತ್ತರ ಗಂಟಲಿಗೆ ಬಂತು. ಒಳ್ಳೆಯ ಉತ್ತರ. ಗಾದಿಲಿಂಗನ ಅಜ್ಜನಿಂದ ಶುರುವಾಗುತ್ತಿತ್ತು. ಹಂಪಮ್ಮನನ್ನು ನೆನೆದು ಅದನ್ನು ನುಂಗಿದ. ಆದರೆ ಬಿಸಾಡಲಿಲ್ಲ. ಅಂಗಡಿಯಲ್ಲಿ ಮೂಟೆ ಇಡುವಂತೆ ಒಳಗೆ ಒಂದು ಕಡೆ ಇಟ್ಟ.

ಇನ್ನೊಂದು ತಿರುವಿನಲ್ಲಿ ಕೂಲಿ ಎರಡು ಅಚ್ಚು ಬೆಲ್ಲವಾಯಿತು. ವ್ಯಾಪಾರಿ ಬೇಡ ಅನ್ನಲಿಲ್ಲ. ಬಂಡೆ ಹತ್ತುವಾಗ ಅದರ ಜೊತೆ ಒಂದು ಧೋತರವೂ ಸೇರಿತು. ಅದಕ್ಕೂ ಬೇಡ ಅನ್ನಲಿಲ್ಲ. ನೆತ್ತಿಯ ಹತ್ತಿರ ಗಾದಿಲಿಂಗ ತನ್ನ ಹೆಂಡತಿಗೆ ಒಂದು ಸೀರೆ ಕೇಳಿದ. ತುಸು ಕಾದು, "ದೇವರಂಥ ಮನುಷ್ಯ," ಎಂದ. ನಡುವೆ ವ್ಯಾಪಾರಿಯ ಹೊಟ್ಟೆ, ನಡಿಗೆ, ಏದುಸಿರು, ಅವನು ಭಜನೆಯಲ್ಲಿ ತಪ್ಪಾಗಿ ಹಾಕುವ ತಾಳ ಎಲ್ಲದರ ಬಗ್ಗೆಯೂ ತನ್ನ ಅಭಿಪ್ರಾಯ ಹೇಳಿದ.

ವ್ಯಾಪಾರಿ ಒಂದಕ್ಕೂ ಬಾಯಿ ಬಿಡಲಿಲ್ಲ. ಪ್ರತಿಯೊಂದಕ್ಕೂ ಉತ್ತರ ತಯಾರಿಸಿದ. ಪ್ರತಿಯೊಂದನ್ನೂ ಹಿಂದಿನದರ ಮೇಲೆ ಪೇರಿಸಿದ. ಮರೆತು ಹೋದಾವೆಂಬ ಭಯದಿಂದ ನಡುನಡುವೆ ಎಲ್ಲವನ್ನೂ ಒಮ್ಮೆ ಒಳಗೊಳಗೇ ಹೇಳಿಕೊಂಡ. ದಾರಿಯ ಎರಡೂ ಬದಿಯಲ್ಲಿ ಏನಿತ್ತು ಎಂದು ಕೇಳಿದರೆ ಅವನು ಹೇಳುತ್ತಿರಲಿಲ್ಲ. ಅವನು ಗುಡ್ಡವನ್ನು ನೋಡಲೇ ಇಲ್ಲ.

ಇಳಿಜಾರಿನಲ್ಲಿ ಗಾದಿಲಿಂಗನ ಗಂಟಲು ಕಟ್ಟಿತು. ಮಾತು ಪಿಸುಮಾತಾಯಿತು, ಪಿಸುಮಾತು ಕೆಮ್ಮಾಯಿತು. ಕೆಮ್ಮೂ ನಿಂತಿತು. ಗುಡ್ಡ ನಿಶ್ಶಬ್ದವಾಯಿತು. ಒಂದು ಬಂಡೆ ಬಳಸಿದರೆ ಎದುರಿಗೆ ಹುತ್ತ. ಹುತ್ತಕ್ಕೆ ಮೂತಿಯಿಟ್ಟು ನಿಂತ ಕರಿಯ ಬೆನ್ನು.

ಬೆನ್ನು ತಿರುಗಿತು. ಕರಡಿ ಎರಡು ಕಾಲ ಮೇಲೆ ಎದ್ದು ನಿಂತಿತು.

ಗಾದಿಲಿಂಗ ಬಾಯಿ ತೆರೆದ. ಗಾಳಿ ಮಾತ್ರ ಬಂತು. ಅವನು ವ್ಯಾಪಾರಿಯ ಕಡೆ ತಿರುಗಿ ಕೈ ಮುಗಿದು, ಕೂಗುವಂತೆ ಸನ್ನೆ ಮಾಡಿದ.

ವ್ಯಾಪಾರಿಯ ಗಂಟಲಲ್ಲಿ ಒಂದು ಕೂಗು ತಯಾರಾಗಿತ್ತು. ಆಚೆಯ ಊರಿನ ಮನೆಗಳು ಅಲ್ಲಿಂದಲೇ ಕಾಣುತ್ತಿದ್ದವು. ಅವನು ಒಂದು ಕೈಯಿಂದ ಬಾಯಿ ಮುಚ್ಚಿಕೊಂಡ. ಇನ್ನೊಂದು ಕೈಯಿಂದ ಕಾಲಿನ ಚಪ್ಪಲಿ ತೆಗೆದು ಬಂಡೆಗೆ ಬಡಿಯತೊಡಗಿದ. ಟಪ್, ಟಪ್, ಟಪ್. ಕರಡಿ ಇಂಥ ಸದ್ದನ್ನು ಹಿಂದೆಂದೂ ಕೇಳಿರಲಿಲ್ಲ. ತಲೆ ಓರೆ ಮಾಡಿ ಸ್ವಲ್ಪ ಹೊತ್ತು ಆಲಿಸಿತು. ಆಮೇಲೆ ಊಟ ಕೆಡಿಸಿಕೊಂಡ ಹಿರಿಯರಂತೆ ಗೊಣಗುತ್ತ ಪೊದೆಯೊಳಗೆ ಹೋಯಿತು.

ಗಾದಿಲಿಂಗ ವ್ಯಾಪಾರಿಯ ಕಾಲು ಮುಟ್ಟಿದ.

"ಹಾಗಾದರೆ ಅವನು ಗೆದ್ದ!" ಎಂದ ಶಿಷ್ಯ.

"ಇನ್ನೂ ಊರು ಮುಟ್ಟಿಲ್ಲ," ಎಂದರು ಗುರುಗಳು.

ಊರು ಮುಟ್ಟಿದಾಗ ಹಂಪಮ್ಮ ತವರಿನ ಜಗುಲಿಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಸೀರೆ ಗಂಟು ಕಟ್ಟಿ ಇಟ್ಟಿತ್ತು. ಗಂಡ ಬಂದೇ ಬರುತ್ತಾನೆಂದು ಬೆಳಗ್ಗೆಯೇ ಕಟ್ಟಿದ್ದಳು. ಅವಳ ತಾಯಿ ಗಾದಿಲಿಂಗನ ಕೈಗೆ ಮಜ್ಜಿಗೆ ಕೊಟ್ಟಳು. ಒಂದು ಗುಟುಕು ಇಳಿದೊಡನೆ ಅವನಿಗೆ ದನಿ ಬಂತು.

"ಒಂದು ಅಕ್ಷರ ಆಡಿಲ್ಲವ್ವ. ಕರಡಿ ಎದುರಿಗೆ ನಿಂತಾಗೂ ಆಡಲಿಲ್ಲ. ನಾನು ಏನೇನೋ ಅಂದೆ, ಅದಕ್ಕೂ ಆಡಲಿಲ್ಲ."

ಹಂಪಮ್ಮನ ಕಣ್ಣು ತುಂಬಿತು. ಗಂಟು ಎತ್ತಿ ಬಗಲಿಗಿಟ್ಟುಕೊಂಡು ಮೆಟ್ಟಿಲಿಳಿದು ಗಂಡನ ಮುಂದೆ ನಿಂತಳು. "ಬಂದ್ರಾ? ದಾರ್‍ಯಾಗ ಭಾಳ ತ್ರಾಸ ಆತೇನ್ರಿ?" ಎಂದು ಮೆಲ್ಲಗೆ ಕೇಳಿದಳು.

ಅವಳಾಗಿ ಮಾತಾಡಿಸಿದಳು. ವ್ರತ ಮುಗಿಯಿತು. ಇನ್ನು ಅವನು ಮಾತಾಡಬಹುದಿತ್ತು. ಹೇಳಬೇಕಾದ ಮಾತೂ ಸಿದ್ಧವಿತ್ತು. ಆದರೆ ಅದು ಶ್ರಾವಣದ ಮೊದಲ ದಿನ ಇಟ್ಟದ್ದು. ಮೊದಲು ಇಟ್ಟ ಮೂಟೆ ಎಲ್ಲಕ್ಕಿಂತ ಕೆಳಗಿರುತ್ತದೆ. ಅದನ್ನು ತೆಗೆಯಬೇಕಾದರೆ ಮೇಲಿನವನ್ನೆಲ್ಲ ಇಳಿಸಬೇಕು.

ವ್ಯಾಪಾರಿ ಬಾಯಿ ತೆರೆದ.

"ತ್ರಾಸಾ? ಈ ಬೊಗಳುಬಾಯಿ ಜೊತೆ ನಡೆಯೋದಕ್ಕಿಂತ ಕರಡಿ ಸಂಗ ವಾಸಿ! ಸೀರಿ ಬೇಕಂತ ಸೀರಿ! ನಿಮ್ಮಜ್ಜನ ಕಾಲದಾಗ ಸೀರಿ ಕಂಡಿದ್ರೇನಲೇ? ನನ್ನ ತಕ್ಕಡಿ ಬಗ್ಗೆ ಮಾತಾಡ್ತೀಯಾ? ನನ್ನ ತಾಳ ತಪ್ಪಂತ! ನಿನ್ನ ಕುರಿಗಳಿಗೆ ತಾಳ ಕಲಿಸು ಹೋಗು!"

ಗುಡ್ಡದ ಮೂಟೆಗಳು ಇಳಿದವು. ಅವುಗಳ ಕೆಳಗೆ ಶ್ರಾವಣದ ಮೂಟೆಗಳಿದ್ದವು. ಚೌಕಾಸಿ ಮಾಡಿದ ಗಿರಾಕಿಗಳು ಬಂದರು, ಕಜ್ಜಿ ಎಂದ ಮುದುಕನೂ ಬಂದ. ಕರಡಿ ಗುಡ್ಡದ ಆಚೆ ಊರು ಕಟ್ಟಿದವರ ಬುದ್ಧಿ ಬಂತು, ಅಂಥ ಊರಿನಿಂದ ಹೆಣ್ಣು ತಂದ ತನ್ನ ಹಿರಿಯರ ಬುದ್ಧಿಯೂ ಬಂತು. ಒಂದು ತಿಂಗಳು ತನ್ನ ಕೈಯಿಂದಲೇ ಸಾರು ಮಾಡಿಸಿದವಳೂ ಬಂದಳು. ಅತ್ತೆ ಕೊಟ್ಟ ಮಜ್ಜಿಗೆಯಲ್ಲಿ ಉಪ್ಪು ಹೆಚ್ಚಿದೆ ಎಂದೂ ಹೇಳಿದ. ಮಜ್ಜಿಗೆಯನ್ನು ಅವನಿನ್ನೂ ಕುಡಿದಿರಲಿಲ್ಲ.

ಮೂಟೆಗಳೆಲ್ಲ ಇಳಿದು ಮುಗಿದಾಗ ಅವನಿಗೆ ಹಗುರವೆನಿಸಿತು. ಉಸಿರೆಳೆದುಕೊಂಡು ಕಟ್ಟಕಡೆಯದನ್ನು ಎತ್ತಿದ.

"ತಪ್ಪಾಯಿತು, ಮನೆಗೆ ಹೋಗೋಣ ಬಾ," ಎಂದ.

ಎದುರಿಗೆ ಬಾಗಿಲಿತ್ತು. ಅದು ಮುಚ್ಚಿತ್ತು.

ಗಾದಿಲಿಂಗ ಮಜ್ಜಿಗೆ ಮುಗಿಸಿ ಚೊಂಬನ್ನು ಜಗುಲಿಯ ಮೇಲೆ ಬೋರಲು ಹಾಕಿದ. "ಸಾವ್ಕಾರ್ರೇ, ಹೋಗುವಾಗ ನನ್ನ ಬಾಯಿ ಬೇಕಾಗಂಗಿಲ್ಲ ಬಿಡ್ರಿ," ಎಂದ. "ನೀವು ಮುಂದ ನಡೀರಿ, ಈ ಸಲ ಎರಡು ಗುಡ್ಡದ ಕರಡಿ ಖಾಲಿ ಆಗ್ತಾವು."

ಶಿಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ನಗು ಪೂರ್ತಿ ನಿಲ್ಲುವವರೆಗೆ ಗುರುಗಳು ಕಾದರು.

ಆಮೇಲೆ ಕೇಳಿದರು: "ಅದಿರಲಿ, ಕಾರ್ತಿಕವಿಡೀ ನನ್ನನ್ನು ಏನೇನು ಬೈದೆ, ಹೇಳು."